ಕೆಳತುಟಿ

ಚನ್ನವೀರಪ್ಪನ ಕೆಳತುಟಿಯ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾದ ದಿನವೇ ಡಾಕ್ಟರು ಎರಡು ದಾರಿ ಹೇಳಿದ್ದರು. ಕೂಡಲೇ ಆಪರೇಷನ್ ಮಾಡಿದರೆ ತುಟಿಯನ್ನು ಪೂರ್ತಿ ತೆಗೆಯಬೇಕು. ಮೊದಲು ಮೂರು ಸಲ ಕೀಮೋ ಕೊಟ್ಟು ಗಡ್ಡೆ ಕುಗ್ಗಿದರೆ ಒಂದಿಷ್ಟು ಉಳಿಸಬಹುದು. ಆದರೆ ಖಾತ್ರಿಯಿಲ್ಲ.

“ಕೊಯ್ದು ಒಗೀರಿ ಸಾಹೇಬ್ರ, ಅರವತ್ತಾತು ನನಗ,” ಎಂದ ಅವನು.

“ಬ್ಯಾಡ್ರಿ, ಮೊದಲ ಕೀಮೋನ ಕೊಡ್ರಿ,” ಎಂದು ಪವರ್‌ಲೂಮಿನಲ್ಲಿ ಸೀರೆ ನೇಯುವ ಹೆಂಡತಿ ನೀಲವ್ವ ಪಟ್ಟು ಹಿಡಿದಳು.

ಎರಡು ಕೀಮೋ ಮುಗಿಯುವಷ್ಟರಲ್ಲಿ ಅವನ ತಲೆಗೂದಲು ಉದುರಿತ್ತು. ಗಂಜಿ ಕುಡಿದರೂ ವಾಂತಿಯಾಗುತ್ತಿತ್ತು. ಮೂರನೆಯದಕ್ಕೆಂದು ಬಸ್ಸಿನಲ್ಲಿ ಮೂರು ತಾಸು ಬಂದರೆ, ರಕ್ತದಲ್ಲಿ ಬಿಳಿಕಣ ಕಡಿಮೆಯಾಗಿವೆ, ಮುಂದಿನ ವಾರ ಬನ್ನಿ ಎಂದರು. ಮುಂದಿನ ವಾರವೂ ಅದೇ ಮಾತು.

ಆಸ್ಪತ್ರೆಯ ಬೆಂಚಿನ ಮೇಲೆ ಕುಸಿದ ಚನ್ನವೀರಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಬೈಯತೊಡಗಿದ.

“ಮಂದಿ ಮುಂದ ಗಂಡನ ಮಾರಿ ಚಂದ ಕಾಣಬೇಕಂತ ನನ್ನ ಜೀವಾ ತಗೀಲಿಕತ್ತೀ. ಆವತ್ತ ಕೊಯ್ದಿದ್ರ ಇಷ್ಟೊತ್ತಿಗೆ ಮನ್ಯಾಗ ಇರ್ತಿದ್ದೆ.”

ಪಕ್ಕದಲ್ಲಿ ಕೂತ ನೀಲವ್ವ ಆಸ್ಪತ್ರೆಯ ಚೀಟಿಗಳನ್ನು ಮಡಚಿ ಚೀಲಕ್ಕೆ ಹಾಕುತ್ತಿದ್ದಳು. ಅವನಿಗೆ ಸಿಟ್ಟು ನೆತ್ತಿಗೇರಿತು. ಗಕ್ಕನೆ ಅವಳತ್ತ ತಿರುಗಿದ.

“ಇಷ್ಟು ಬೈದ್ರೂ ಬಾಯಿ ಬಿಡವಲ್ಲಿ! ಈ ಸುಡುಗಾಡು ತುಟಿ ಇಟಗೊಂಡು ಏನ್ ಮಾಡ್ತಿ ನೀನು?”

ನೀಲವ್ವ ಅವನ ಮುಖವನ್ನೇ ನೋಡುತ್ತಿದ್ದಳು. ಅವನ ತುಟಿಯತ್ತ ಬೆರಳು ತೋರಿಸಿದಳು.

“ಪವರ್‌ಲೂಮಿನ ಸಪ್ಪಳಕ್ಕ ನನ್ನ ಕಿವಿ ಹೋಗಿ ಆರು ವರ್ಷ ಆತ್ರಿ, ನಿಮಗ ಹೇಳಿರಲಿಲ್ಲ. ನೀವು ಏನಂತೀರಿ ಅಂತ ಆ ತುಟಿ ನೋಡೇ ತಿಳಕೋತೀನಿ.”