ರಿಲೀಸ್ ಬಿಲ್ಡಿನ ನೀಲಮ್ಮ

ಕಳೆದ ತಿಂಗಳು ತೀರಿಕೊಂಡ ನನ್ನ ಹೆಂಡತಿ ನೀಲಮ್ಮನನ್ನು ಬಿಲ್ಡ್ ಕೇಂದ್ರದವರು ಸೋಮವಾರ ಅವಳ ನೆನಪುಗಳಿಂದ ಯಂತ್ರದಲ್ಲಿ ಮತ್ತೆ ಕಟ್ಟಿ ಮನೆಗೆ ಕಳಿಸಿದರು. ಈಗ ಎಲ್ಲರ ಮನೆಗೂ ಸತ್ತವರು ಹೀಗೆಯೇ ಬರುತ್ತಾರೆ. ನೀಲಮ್ಮ ನಗುನಗುತ್ತ ಪೂಜೆಗೆ ಅಣಿಮಾಡಿದಳು, ದೀಪ ಹಚ್ಚಿದಳು. ಆದರೆ ದೇವರ ಜಗಲಿಯ ಮೂಲೆಯಲ್ಲಿ ಬೆಲ್ಲದ ಚೂರು ಇಡಲಿಲ್ಲ. ಮೂರು ವರ್ಷದವಳಿದ್ದಾಗಲೇ ತೀರಿಹೋದ ನಮ್ಮ ಮಗಳು ಗಂಗವ್ವನ ಹೆಸರಿನಲ್ಲಿ ದಿನವೂ ಇಡುತ್ತಿದ್ದ ಬೆಲ್ಲ ಅದು. ಕೇಳಿದರೆ, "ಗಂಗವ್ವ ಯಾರ್ರೀ?" ಎಂದಳು.

ಅವಳನ್ನು ಕರೆದುಕೊಂಡೇ ಕೇಂದ್ರಕ್ಕೆ ಹೋದೆ.

"ಇದು ರಿಲೀಸ್ ಬಿಲ್ಡ್ ಅಜ್ಜಾರ," ಎಂದ ಆಪರೇಟರ್ ಬಸನಗೌಡ. "ಉಪಯೋಗ ಇಲ್ಲದ್ದನ್ನ ತಾನೇ ತೆಗೀತೈತಿ. ಆ ಬೆಲ್ಲ ಯಾರೂ ತಿಂತಿರಲಿಲ್ಲಲ್ಲ?"

"ಇರುವೆ ತಿಂತಿದ್ದವು! ಸತ್ತ ಕೂಸನ್ನ ಇನ್ನೊಮ್ಮೆ ಕೊಂದೀಯಲ್ಲೋ, ನಿನ್ನ ಕೈ ಸೇದಿಹೋಗ!"

"ಡಿಬಗ್ ಬಿಲ್ಡ್ ಅಂತ ಇನ್ನೊಂದೈತ್ರೀ, ಅದರೊಳಗ ಏನೂ ತೆಗಿಯೂದಿಲ್ಲ, ಎಲ್ಲಾ ಇರ್ತೈತಿ. ಆದ್ರ ಅವ್ರು ಅಳ್ತಾರ, ಬೈತಾರ. ಒಯ್ದವರೆಲ್ಲ ವಾಪಸ್ ತರ್ತಾರ."

"ಅಳಲಿ. ಇಷ್ಟು ವರ್ಷ ಇಬ್ಬರೂ ಕೂಡೇ ಅತ್ತೀವಿ. ಈಗ ನಾ ಒಬ್ಬನೇ ಅಳಬೇಕೇನು? ಹೊಡಿ ಕಮಾಂಡು!"

ಅವನು ಹಳೆಯ ಕಮಾಂಡಿನ ಸಾಲಿನಲ್ಲಿ 'ರಿಲೀಸ್' ಅಳಿಸಿ 'ಡಿಬಗ್' ಎಂದು ಒತ್ತಿದ. ಪರದೆಯ ಮೇಲೆ ಅಕ್ಷರಗಳು ಓಡಿದವು. ನಾನು ಎದೆಯ ಮೇಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕೂತೆ. ಶಿವನ ಮೇಲೂ ಸಿಟ್ಟಿತ್ತು.

ನೀಲಮ್ಮನ ಮುಖದ ನಗು ಆರಿಹೋಯಿತು. ಕುರ್ಚಿಯಿಂದ ಎದ್ದು ನೇರವಾಗಿ ಬಸನಗೌಡನ ಎದುರಿಗೆ ನಡೆದಳು.

"ನನ್ನ ಮಗಳು ಉಪಯೋಗಿಲ್ಲಂತ ಅಂದಾಂವ ನೀನೇ ಏನೋ?"

ಅವನು ಹಿಂದೆ ಸರಿದು ಗೋಡೆಗೆ ಒತ್ತಿಕೊಂಡ. ನಾನು ಹೋಗಿ ಅವಳ ಪಕ್ಕದಲ್ಲಿ ನಿಂತೆ.