ದ್ರೌಪದಿ ಬಾರದ ಮಧ್ಯಾಹ್ನ

ನಮ್ಮ ಮನೆಯ ಮೊದಲ ಡಿಗ್ರಿ ನನ್ನದು. ಅದನ್ನು ಓದಿಸಿದ್ದು ಅವ್ವ ನಾಟಕದಲ್ಲಿ ದುಡಿದ ದುಡ್ಡು. ಅವಳ ಬಣ್ಣದ ಪೆಟ್ಟಿಗೆ ತೆರೆದರೆ, ಮುಖಕ್ಕೆ ಬಳಿಯುವ ಅರ್ದಳದ ವಾಸನೆಗೆ ಆ ಮಧ್ಯಾಹ್ನದ ಗಾಬರಿ ಇಂದಿಗೂ ಮರಳುತ್ತದೆ.

ಊರ ನಾಟಕಕ್ಕೆ ದ್ರೌಪದಿಯಾಗಿ ಬರಬೇಕಿದ್ದ ಕೆ.ಆರ್. ಪೇಟೆಯ ನಟಿ ಬರಲಿಲ್ಲ. ಭೀಮನ ಬಣ್ಣ ಬಳಿದುಕೊಂಡಿದ್ದ ಅಪ್ಪ ನಮ್ಮ ಜಗಲಿಯಲ್ಲಿ ತಲೆ ಹಿಡಿದು ಕೂತಿದ್ದ. ಆಗ ಅಡುಗೆಮನೆಯಿಂದ ದ್ರೌಪದಿಯ ಹಾಡು ಕೇಳಿಸಿತು. ಹಾಡುತ್ತಿದ್ದವಳು ಅವ್ವ! ಅವಳಿಗೆ ಅಂಥ ದನಿಯಿದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಅಪ್ಪನ ಪಕ್ಕ ಕೂತಿದ್ದ ಹಾರ್ಮೋನಿಯಂ ಮೇಷ್ಟ್ರು, "ಈಚೆ ಬಾ ತಾಯಿ" ಅಂದರು.

"ನಮ್ಮನೆ ಹೆಂಗ್ಸು ಬಣ್ಣ ಹಚ್ಚದಾ?" ಅಪ್ಪ ಗುಡುಗಿದ.

"ಮೂರು ತಿಂಗ್ಳು ಕಲ್ತ್ರೂ ನಿಂಗೆ ನಿನ್ನ ಹಾಡೇ ಬರ್ನಿಲ್ಲ. ಅವ್ಳು ತಾಲೀಮಿಗೆ ಕಾಪಿ ಕಾಯಿಸ್ತಲೇ ಕಲ್ತವ್ಳೆ. ಸುಮ್ಕಿರ್ಲಾ!" ಅಂದಳು ಅಜ್ಜಿ.

ಅವ್ವ ಕೈ ಒರೆಸಿಕೊಳ್ಳುತ್ತ ಬಂದಳು. ಅಪ್ಪನ ಕಡೆ ನೋಡಲೇ ಇಲ್ಲ.

"ಸುರುತಿ ಒಸಿ ಏರ್ಸಿ, ಮೇಷ್ಟ್ರೆ."