ದಾರಿ ತಪ್ಪಿದ ಹತ್ತು

ಒಂದು ಜೀನ್ ಇಲ್ಲದಿದ್ದರೆ ಹಣ್ಣುನೊಣದ ಭ್ರೂಣದಲ್ಲಿ ನರಗಳು ದಾರಿ ತಪ್ಪುತ್ತವೆ ಎಂಬುದು ಪ್ರೊಫೆಸರರ ಆರು ವರ್ಷದ ವಾದ. ಇವತ್ತು ಕೊನೆಯ ಪರೀಕ್ಷೆ. ಇಪ್ಪತ್ತು ಸ್ಲೈಡುಗಳಲ್ಲಿ ಹತ್ತು ಆ ಜೀನ್ ಇಲ್ಲದ ನೊಣದ್ದು, ಹತ್ತು ಮಾಮೂಲಿ ನೊಣದ್ದು ಇರಬೇಕು. ಹೆಸರುಗಳ ಮೇಲೆಲ್ಲ ಟೇಪು ಅಂಟಿಸಿತ್ತು. ನೋಡಿ ಮುಗಿಯುವವರೆಗೆ ಸ್ಲೈಡು ಮಾಡಿದವರು ಬಾಯಿ ಬಿಡಬಾರದು ಎಂಬುದು ಪ್ರೊಫೆಸರರೇ ಮಾಡಿದ ನಿಯಮ.

“ಸರ್, ನೋಡೋದಕ್ಕೆ ಮುಂಚೆ ಒಂದು ಮಾತು...” ಎಂದಳು ಸ್ಲೈಡು ಮಾಡಿದ ವಿದ್ಯಾರ್ಥಿನಿ.

“ಮಾತಾಡ್ಬೇಡಮ್ಮ! ನೀನು ಉಸಿರು ಬಿಟ್ರೂ ನಂಗೆ ಸುಳಿವು ಸಿಕ್ಕಿಬಿಡುತ್ತೆ.”

ಅವಳು ಕಿಟಕಿಗೂ ಬಾಗಿಲಿಗೂ ಓಡಾಡಿದಳು. ಅವರು ಮೈಕ್ರೋಸ್ಕೋಪಿನಿಂದ ತಲೆಯೆತ್ತಲಿಲ್ಲ.

“ನೋಡು, ಈ ನರ ನಡುಗೆರೆ ದಾಟಿ ಎಲ್ಲಿಗೋ ಹೋಗಿದೆ! ಜೀನ್ ಇಲ್ಲದ್ದೇ ಇದು. ಇದೂ ಅಷ್ಟೇ.”

“ಸರ್, ದಯವಿಟ್ಟು...”

“ಶ್!”

ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ಎರಡು ಸಾಲು ಸಿದ್ಧವಾದವು. ಎಡಕ್ಕೆ ದಾರಿ ತಪ್ಪಿದ ಹತ್ತು, ಬಲಕ್ಕೆ ಸರಿಯಿದ್ದ ಹತ್ತು. ಅವರು ಎಡಗಡೆಯ ಸಾಲನ್ನು ಎಣಿಸಿದರು.

“ಸರಿಯಾಗಿ ಹತ್ತು! ಪೇಪರ್ ಇವತ್ತೇ ಕಳಿಸೋಣ. ಈಗ ಹೇಳಮ್ಮ, ಏನೋ ಹೇಳ್ಬೇಕು ಅಂತಿದ್ಯಲ್ಲ?”

“ಎರಡು ಸಲಾನೂ ನೊಣ ಸಾಕಿದ ಒಂದೇ ಬಾಟಲಿಯಿಂದ ಮೊಟ್ಟೆ ತೆಗೆದುಬಿಟ್ಟಿದ್ದೆ ಸರ್. ಇಪ್ಪತ್ತೂ ಮಾಮೂಲಿ ನೊಣದ್ದೇ.”